ಸ್ಟ್ರಾ ಬದಲಾಯಿತು, ಕಸ ಬದಲಾಯಿತೇ?

2025ರ ಫೆಬ್ರವರಿ 10ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸರ್ಕಾರಿ ಇಲಾಖೆಗಳು ಇನ್ನು ಮುಂದೆ ಕಾಗದದ ಸ್ಟ್ರಾಗಳನ್ನು ಖರೀದಿಸಬಾರದು ಎಂಬುದು ಅದರ ಸಾರ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2024ರ ಜುಲೈಯಲ್ಲಿ, ಜೋ ಬೈಡನ್ ಅವರ ಆಡಳಿತವು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕನ್ನು ಸರ್ಕಾರಿ ಆಹಾರ ಸೇವೆಯಿಂದ 2027ರೊಳಗೆ ದೂರ ಮಾಡುವ ಗುರಿಯನ್ನು ಪ್ರಕಟಿಸಿತ್ತು. ಜಗತ್ತಿನ ಬಲಿಷ್ಠ ರಾಷ್ಟ್ರವೊಂದರ ಅಧ್ಯಕ್ಷರು ತಂಪು ಪಾನೀಯ ಹೀರುವ ಕೊಳವೆಯ ಬಗ್ಗೆ ಆದೇಶ ಹೊರಡಿಸುವುದನ್ನು ಕಂಡು ನಮ್ಮಲ್ಲಿ ಹಲವರು ನಕ್ಕರು.

ನಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪುಟ್ಟ ಕೊಳವೆಯ ಕತೆಯನ್ನು ಆರಂಭದಿಂದ ಓದಿದರೆ, ಪರಿಸರ ರಕ್ಷಣೆಯ ಹೆಸರಿನಲ್ಲಿ ನಾವು ಎಲ್ಲಿ ಸರಿಯಾಗಿ ನಡೆದೆವು, ಎಲ್ಲಿ ಎಡವಿದೆವು ಎಂಬುದು ಅರ್ಥವಾಗುತ್ತದೆ. ಕಡಲ ದಂಡೆಯಲ್ಲಿ ಬಾಳುವ ನಮಗೆ ಇದು ದೂರದ ಸುದ್ದಿಯಲ್ಲ. ನಮ್ಮ ದೇಶದಲ್ಲಿಯೂ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾಗಳ ಮೇಲೆ ನಿಷೇಧವಿದೆ. ಆ ನಿಷೇಧ ಏನು ಸಾಧಿಸಿತು, ಏನು ಸಾಧಿಸಲಿಲ್ಲ ಎಂಬುದನ್ನು ಶಾಂತ ಮನಸ್ಸಿನಿಂದ ವಿಚಾರ ಮಾಡುವ ಅಗತ್ಯವಿದೆ ಎಂದು ನಮಗೆ ತೋರುತ್ತದೆ.

ಕಾಗದದಿಂದ ಪ್ಲಾಸ್ಟಿಕ್‌ಗೆ

ಸ್ಟ್ರಾ ಹುಟ್ಟಿದ್ದೇ ಕಾಗದದಲ್ಲಿ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. 19ನೇ ಶತಮಾನದಲ್ಲಿ ಅಮೆರಿಕದ ಜನರು ಒಣಗಿದ ರೈ ಹುಲ್ಲಿನ ಕಡ್ಡಿಯಿಂದ ಪಾನೀಯ ಹೀರುತ್ತಿದ್ದರು. ಅದು ಬೇಗ ಒದ್ದೆಯಾಗಿ ಮೆತ್ತಗಾಗುತ್ತಿತ್ತು, ಪಾನೀಯಕ್ಕೆ ಹುಲ್ಲಿನ ರುಚಿಯನ್ನೂ ಬಿಡುತ್ತಿತ್ತು. ಮಾರ್ವಿನ್ ಸ್ಟೋನ್ ಎಂಬವರು ಕಾಗದವನ್ನು ಸುರುಳಿ ಸುತ್ತಿ, ಮೇಣ ಸವರಿ ಮಾಡಿದ ಕೊಳವೆಗೆ 1888ರಲ್ಲಿ ಪೇಟೆಂಟ್ ಪಡೆದರು. ನಮ್ಮ ಊರಿನ ಮಕ್ಕಳಿಗೆ ಇದು ಹೊಸ ವಿದ್ಯೆಯೇನಲ್ಲ. ಬಪ್ಪಂಗಾಯಿ ಎಲೆಯ ದಂಟನ್ನು ಕೊಯ್ದು ಅದರಿಂದ ಶರಬತ್ತು ಹೀರಿದ, ಸಾಬೂನಿನ ಗುಳ್ಳೆ ಊದಿದ ನೆನಪು ನಮ್ಮ ವಯಸ್ಸಿನ ಎಲ್ಲರಿಗೂ ಇದೆ.

ಸ್ಯಾನ್ ಫ್ರಾನ್ಸಿಸ್ಕೋದ ಅಂಗಡಿಯೊಂದರಲ್ಲಿ ತನ್ನ ಪುಟ್ಟ ಮಗಳು ಎತ್ತರದ ಲೋಟದಿಂದ ಹಾಲಿನ ಪಾನೀಯ ಕುಡಿಯಲು ಪಡುತ್ತಿದ್ದ ಕಷ್ಟವನ್ನು ಕಂಡು ಜೋಸೆಫ್ ಫ್ರೀಡ್‌ಮನ್ ಎಂಬವರು ಬಾಗುವ ಸ್ಟ್ರಾ ಮಾಡಿದರು. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1947ರಲ್ಲಿ ಅದರ ಮೊದಲ ಮಾರಾಟ ನಡೆದದ್ದು ಒಂದು ಆಸ್ಪತ್ರೆಗೆ. ಹಾಸಿಗೆಯಲ್ಲಿ ಮಲಗಿದ ರೋಗಿ ತಲೆ ಎತ್ತದೆ ಕುಡಿಯಲು ಅದು ಅನುಕೂಲವಾಗಿತ್ತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಬಗ್ಗೆ ಮಾತನಾಡಲಿಕ್ಕಿದೆ.

ಎರಡನೇ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಅಗ್ಗವಾಯಿತು. ಅದೇ ಕಾಲದಲ್ಲಿ ಫಾಸ್ಟ್‌ಫುಡ್ ಕೌಂಟರುಗಳೂ ಬೆಳೆದವು. ಕೌಂಟರಿನ ವ್ಯವಹಾರದ ಜೀವಾಳವೇ ವೇಗ. ಗ್ರಾಹಕ ಕೂರುವುದಿಲ್ಲ, ಲೋಟ ತೊಳೆಯುವವರು ಬೇಕಿಲ್ಲ, ಕಪ್ಪು, ಮುಚ್ಚಳ, ಸ್ಟ್ರಾ ಎಲ್ಲವನ್ನೂ ಕೊಟ್ಟು ಕಳುಹಿಸಿದರೆ ಕೆಲಸ ಮುಗಿಯಿತು. ಕಾರಿನಲ್ಲಿ, ಬಸ್ಸಿನಲ್ಲಿ ಚೆಲ್ಲದೆ ಕುಡಿಯಲು ಮುಚ್ಚಳ ಬೇಕು, ಮುಚ್ಚಳವಿದ್ದರೆ ಸ್ಟ್ರಾ ಬೇಕು. ಹೀಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಕೊಳವೆ ಕೇಳದೆಯೇ ಕೈಗೆ ಬರುವ ವಸ್ತುವಾಯಿತು.

ಒಬ್ಬ ಬಾಲಕ, ಒಂದು ಆಮೆ

ಸ್ಟ್ರಾ ವಿರುದ್ಧದ ಅಭಿಯಾನಕ್ಕೆ ಬಲ ಬಂದದ್ದು ಎರಡು ಘಟನೆಗಳಿಂದ. 2011ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮೈಲೋ ಕ್ರೆಸ್ ಎಂಬ 9 ವರ್ಷದ ಬಾಲಕ, ಹೋಟೆಲುಗಳು ಗ್ರಾಹಕರು ಕೇಳಿದರೆ ಮಾತ್ರ ಸ್ಟ್ರಾ ಕೊಡಬೇಕೆಂದು ಅಭಿಯಾನ ಆರಂಭಿಸಿದ. ಎಷ್ಟು ಸ್ಟ್ರಾ ಬಳಕೆಯಾಗುತ್ತದೆ ಎಂಬ ಲೆಕ್ಕ ಎಲ್ಲಿಯೂ ಸಿಗದೆ, ತಯಾರಕರಿಗೆ ತಾನೇ ಫೋನ್ ಮಾಡಿ, ಅಮೆರಿಕದಲ್ಲಿ ದಿನಕ್ಕೆ 50 ಕೋಟಿ ಎಂದು ಅಂದಾಜು ಮಾಡಿದ. ಈ ಸಂಖ್ಯೆ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಪತ್ರಗಳಲ್ಲಿ ವರ್ಷಗಟ್ಟಲೆ ಪರಿಶೀಲನೆಯಿಲ್ಲದೆ ಅಚ್ಚಾಯಿತು. ಮಾರುಕಟ್ಟೆ ಅಧ್ಯಯನ ಸಂಸ್ಥೆಗಳ ಅಂದಾಜು ದಿನಕ್ಕೆ 17 ಕೋಟಿಯಿಂದ 39 ಕೋಟಿ. ಇದೂ ಸಣ್ಣ ಸಂಖ್ಯೆಯಲ್ಲ. ಆದರೆ ಒಳ್ಳೆಯ ಉದ್ದೇಶವಿದ್ದಾಗಲೂ ಲೆಕ್ಕವನ್ನು ಒಮ್ಮೆ ನೋಡಬೇಕು ಎಂಬುದಕ್ಕೆ ಇದು ಉದಾಹರಣೆ. ತಪ್ಪು ಬಾಲಕನದ್ದಲ್ಲ, ಅದನ್ನು ಪರಿಶೀಲಿಸದ ದೊಡ್ಡವರದ್ದು.

ಎರಡನೆಯದು 2015ರ ಆಗಸ್ಟ್ ತಿಂಗಳಲ್ಲಿ ನಡೆದದ್ದು. ಕೋಸ್ಟರಿಕಾದ ಕಡಲಲ್ಲಿ ಸಂಶೋಧಕಿ ಕ್ರಿಸ್ಟೀನ್ ಫಿಗ್ನರ್ ಮತ್ತು ಸಂಗಡಿಗರು ಒಂದು ಕಡಲಾಮೆಯ ಮೂಗಿನ ಹೊಳ್ಳೆಯಿಂದ ಪ್ಲಾಸ್ಟಿಕ್ ಸ್ಟ್ರಾ ಎಳೆದು ತೆಗೆದರು. ರಕ್ತ ಒಸರುತ್ತಾ ನರಳುವ ಆ ಆಮೆಯ ವಿಡಿಯೋವನ್ನು ಕೋಟ್ಯಂತರ ಜನರು ನೋಡಿದರು. ಆ ಆಮೆ ಆಲಿವ್ ರಿಡ್ಲೆ ಜಾತಿಯದ್ದು. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ, ಕುಂದಾಪುರದ ಕೋಡಿಯಲ್ಲಿ, ಮಂಗಳೂರು ಸಮೀಪದ ಸಸಿಹಿತ್ಲುವಿನಲ್ಲಿ ಮೊಟ್ಟೆಯಿಡಲು ದಡ ಹತ್ತುವುದೂ ಅದೇ ಜಾತಿಯ ಆಮೆಗಳು.

ಕೌಂಟರುಗಳಲ್ಲಿ ನಡೆದದ್ದು

2018ನೇ ಇಸವಿ ಈ ವಿಚಾರದಲ್ಲಿ ತಿರುವಿನ ವರ್ಷ. ಆ ವರ್ಷದ ಜುಲೈ 1ರಂದು ಅಮೆರಿಕದ ಸಿಯಾಟಲ್ ನಗರ ಹೋಟೆಲು, ಕೌಂಟರುಗಳಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಲ್ಲಿಸಿತು. ಅದೇ ತಿಂಗಳು ಸ್ಟಾರ್‌ಬಕ್ಸ್ ಕಂಪೆನಿ 2020ರೊಳಗೆ ಪ್ಲಾಸ್ಟಿಕ್ ಸ್ಟ್ರಾ ಬಿಡುವುದಾಗಿ, ಅದರ ಬದಲು ಬಾಯಿಟ್ಟು ಕುಡಿಯುವ ಮುಚ್ಚಳ ಕೊಡುವುದಾಗಿ ಸಾರಿತು. ಆ ಮುಚ್ಚಳವೂ ಪ್ಲಾಸ್ಟಿಕ್‌ನದ್ದೇ ಅಲ್ಲವೇ ಎಂದು ಟೀಕಾಕಾರರು ಕೇಳಿದರು. ಮುಚ್ಚಳವನ್ನು ಮರುಬಳಕೆಗೆ ಕಳುಹಿಸಬಹುದು, ಸ್ಟ್ರಾವನ್ನು ಕಳುಹಿಸಲಾಗದು ಎಂದು ಕಂಪೆನಿ ಉತ್ತರಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜನವರಿ 1ರಿಂದ ಕೇಳಿದರೆ ಮಾತ್ರ ಸ್ಟ್ರಾ ಕೊಡಬೇಕೆಂಬ ಕಾನೂನು ತಂದಿತು. ಆದರೆ ಅದು ಕುಳಿತು ಉಣ್ಣುವ ಹೋಟೆಲುಗಳಿಗೆ ಮಾತ್ರ ಅನ್ವಯವಾಗಿ, ಹೆಚ್ಚು ಸ್ಟ್ರಾ ಹಂಚುವ ಫಾಸ್ಟ್‌ಫುಡ್ ಕೌಂಟರುಗಳೇ ಹೊರಗುಳಿದವು.

ಕೌಂಟರುಗಳಲ್ಲಿ ನಿಜವಾದ ಪರೀಕ್ಷೆ ನಡೆದದ್ದು ಬ್ರಿಟನ್‌ನಲ್ಲಿ. ಅಲ್ಲಿ ಮೆಕ್‌ಡೊನಾಲ್ಡ್ಸ್ ಕಂಪೆನಿಯ ಅಂಗಡಿಗಳು ದಿನಕ್ಕೆ 18 ಲಕ್ಷ ಸ್ಟ್ರಾ ಬಳಸುತ್ತಿದ್ದವು. 2018ರ ಸೆಪ್ಟೆಂಬರ್‌ನಿಂದ ಬ್ರಿಟನ್ ಮತ್ತು ಐರ್ಲೆಂಡಿನ 1,361 ಅಂಗಡಿಗಳಲ್ಲಿ ಹಂತ ಹಂತವಾಗಿ ಕಾಗದದ ಸ್ಟ್ರಾ ಬಂದಿತು. ಗ್ರಾಹಕರು ಗೊಣಗಿದರು. ದಪ್ಪ ಮಿಲ್ಕ್‌ಶೇಕ್ ಹೀರುವಷ್ಟರಲ್ಲಿ ಸ್ಟ್ರಾ ಕರಗಿ ಹೋಗುತ್ತದೆ ಎಂಬ ದೂರು. ಪ್ಲಾಸ್ಟಿಕ್ ಸ್ಟ್ರಾ ಮರಳಿ ಕೊಡಿ ಎಂಬ ಮನವಿಗೆ ಸುಮಾರು 50,000 ಮಂದಿ ಸಹಿ ಹಾಕಿದರು. ಕಂಪೆನಿ ಸ್ಟ್ರಾವನ್ನು ಇನ್ನಷ್ಟು ದಪ್ಪ ಮಾಡಿತು.

2019ರ ಆಗಸ್ಟ್‌ನಲ್ಲಿ ಮುಜುಗರದ ಸುದ್ದಿ ಹೊರಬಿತ್ತು. ಹಳೆಯ ಪ್ಲಾಸ್ಟಿಕ್ ಸ್ಟ್ರಾವನ್ನು ಮರುಬಳಕೆ ಮಾಡಬಹುದಿತ್ತು. ಹೊಸ ಕಾಗದದ ಸ್ಟ್ರಾ ದಪ್ಪವಾದ ಕಾರಣ ಅದನ್ನು ಸಂಸ್ಕರಿಸಲು ಆಗುತ್ತಿಲ್ಲ, ಸದ್ಯಕ್ಕೆ ಸಾಮಾನ್ಯ ಕಸದ ಜೊತೆ ಹಾಕಿ ಎಂದು ಕಂಪೆನಿಯು ಸಿಬ್ಬಂದಿಗೆ ತಿಳಿಸಿತ್ತು. ಪರಿಸರಕ್ಕಾಗಿ ಮಾಡಿದ ಬದಲಾವಣೆ ಬರೀ ತೋರಿಕೆಯೇ ಎಂದು ಜನ ಕೇಳಿದರು. ಈ ಪ್ರಶ್ನೆಗೆ ಪೂರ್ತಿ ಹೌದು ಎನ್ನಲಾಗದು. ಕಡಲಿಗೆ ಬಿದ್ದ ಕಾಗದ ಕೆಲವು ತಿಂಗಳಲ್ಲಿ ಕೊಳೆಯುತ್ತದೆ, ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಚೂರುಚೂರಾಗುತ್ತದೆ ಅಷ್ಟೆ. ಆದರೆ ಒಂದು ಕಸದ ಬದಲು ಇನ್ನೊಂದು ಕಸವನ್ನು ಅಷ್ಟೇ ಸಂಖ್ಯೆಯಲ್ಲಿ ಹಂಚಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ ಎಂಬುದು ಅಂದೇ ಸ್ಪಷ್ಟವಾಯಿತು.

2023ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಅಲ್ಲಿನ ಮಾರುಕಟ್ಟೆಯ 39 ಬ್ರಾಂಡ್‌ಗಳ ಸ್ಟ್ರಾಗಳನ್ನು ಪರೀಕ್ಷಿಸಿದರು. ನೀರು, ಎಣ್ಣೆ ಅಂಟದಂತೆ ಮಾಡಲು ಬಳಸುವ, ಪ್ರಕೃತಿಯಲ್ಲಿ ಸುಲಭವಾಗಿ ಅಳಿಯದ ಫ್ಲೋರಿನ್ ರಾಸಾಯನಿಕಗಳು ಅವುಗಳಲ್ಲಿ ಇವೆಯೇ ಎಂದು ನೋಡುವುದು ಉದ್ದೇಶ. ಕಾಗದದ 20 ಬ್ರಾಂಡ್‌ಗಳಲ್ಲಿ 18ರಲ್ಲಿ ಅವು ಪತ್ತೆಯಾದವು. ಬಿದಿರಿನ ಸ್ಟ್ರಾಗಳಲ್ಲಿಯೂ ಹೆಚ್ಚಿನವುಗಳಲ್ಲಿ ಇದ್ದವು. ಸ್ಟೀಲಿನ ಸ್ಟ್ರಾಗಳಲ್ಲಿ ಮಾತ್ರ ಇರಲಿಲ್ಲ. ಪ್ರಮಾಣ ಕಡಿಮೆ, ಅಪಾಯ ಅಲ್ಪ ಎಂದು ಅವರೇ ಹೇಳಿದ್ದಾರೆ. ಗಾಬರಿ ಬೇಡ. ಆದರೆ ಕಾಗದ ಎಂದ ಮಾತ್ರಕ್ಕೆ ಅದು ಹುಲ್ಲಿನಷ್ಟು ನಿರಪಾಯಕಾರಿ ಎಂದು ಭಾವಿಸುವುದೂ ಬೇಡ.

ರೋಗಿಯ ಬಾಯಿ ಮತ್ತು ನಮ್ಮ ನಿಯಮ

ಈ ಅಭಿಯಾನದಲ್ಲಿ ಎಲ್ಲರಿಗಿಂತ ಮೊದಲು ಮರೆತುಹೋದವರು ಅಂಗವಿಕಲರು. ಕೈ ನಡುಗುವವರು, ಲೋಟ ಎತ್ತಲಾಗದವರು, ಪಾರ್ಶ್ವವಾಯು ಬಡಿದವರು, ನುಂಗಲು ಕಷ್ಟಪಡುವವರು, ಇವರಿಗೆ ಸ್ಟ್ರಾ ಶೋಕಿಯ ವಸ್ತುವಲ್ಲ. ಕಾಗದದ ಸ್ಟ್ರಾ ಬಾಯಲ್ಲಿ ಕರಗಿ ಗಂಟಲಿಗೆ ಸಿಗುವ ಅಪಾಯವಿದೆ. ಸ್ಟೀಲಿನದ್ದು ಬಾಗುವುದಿಲ್ಲ, ಬಿಸಿ ಪಾನೀಯದಲ್ಲಿ ಸುಡುತ್ತದೆ, ಅಲುಗಾಡುವ ತಲೆಗೆ ಗಾಯ ಮಾಡುತ್ತದೆ. 2018ರಲ್ಲಿ ಇಂಗ್ಲೆಂಡಿನಲ್ಲಿ ಅಂಗವೈಕಲ್ಯವಿದ್ದ ಮಹಿಳೆಯೊಬ್ಬರು ಲೋಹದ ಸ್ಟ್ರಾ ಹಿಡಿದಿದ್ದಾಗ ಬಿದ್ದು ಮರಣ ಹೊಂದಿದ ದುರ್ಘಟನೆಯೂ ನಡೆದಿದೆ. ಬಾಗುವ ಪ್ಲಾಸ್ಟಿಕ್ ಸ್ಟ್ರಾ ಇವರಿಗೆ ಇಂದಿಗೂ ಸುಲಭದ, ಅಗ್ಗದ ಸಾಧನ.

ಇಂಗ್ಲೆಂಡ್ ಈ ವಿಷಯದಲ್ಲಿ ಸ್ವಲ್ಪ ವಿವೇಕ ತೋರಿತು. ವರ್ಷಕ್ಕೆ 470 ಕೋಟಿ ಪ್ಲಾಸ್ಟಿಕ್ ಸ್ಟ್ರಾ ಬಳಕೆಯಾಗುತ್ತಿದ್ದ ಆ ದೇಶದಲ್ಲಿ 2020ರ ಅಕ್ಟೋಬರ್ 1ರಂದು ನಿಷೇಧ ಜಾರಿಗೆ ಬಂದಾಗ, ಔಷಧಿ ಅಂಗಡಿಗಳು ಪ್ಲಾಸ್ಟಿಕ್ ಸ್ಟ್ರಾ ಮಾರಬಹುದು, ಹೋಟೆಲುಗಳು ಅವನ್ನು ಕೌಂಟರಿನ ಮೇಲೆ ಇಡಬಾರದು, ಆದರೆ ಕೇಳಿದವರಿಗೆ ಕೊಡಬಹುದು ಎಂದು ನಿಯಮ ಮಾಡಿತು. ಸಿಯಾಟಲ್ ಕೂಡ ಇಂತಹ ವಿನಾಯಿತಿ ಇಟ್ಟಿತ್ತು. ಕಾನೂನಿನಲ್ಲಿ ಬರೆದದ್ದು ಕೌಂಟರಿನ ಹುಡುಗನಿಗೆ ತಿಳಿದಿರುತ್ತದೆಯೇ, ತನಗೆ ಯಾಕೆ ಸ್ಟ್ರಾ ಬೇಕು ಎಂದು ಅಂಗವಿಕಲನು ಎಲ್ಲರೆದುರು ವಿವರಿಸುತ್ತಾ ನಿಲ್ಲಬೇಕೇ ಎಂಬ ಪ್ರಶ್ನೆಗಳು ಉಳಿದುಕೊಂಡವು.

ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳ ಭೇಟಿಗೆ ಹೋಗುವ ಸೇವಾದರ್ಶಿಗಳು, ಸಂತ ವಿನ್ಸೆಂಟ್ ಪಾವ್ಲರ ಸಭೆಯ ಸದಸ್ಯರು ಇದನ್ನು ಕಣ್ಣಾರೆ ಕಂಡವರು. ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ತಿಳಿ ಕುಡಿಸಲು ಸೊಸೆ ಸ್ಟ್ರಾವನ್ನು ತೊಳೆದು ತೊಳೆದು ಇಟ್ಟುಕೊಳ್ಳುವ ಮನೆಗಳಿವೆ. ಅಂತಹ ಮನೆಯಲ್ಲಿ ನಾವು ಪರಿಸರದ ಪ್ರವಚನ ಮಾಡುವ ಹಾಗಿಲ್ಲ. ಬಾಗುವ ಸ್ಟ್ರಾ ಮೊದಲು ಹೋದದ್ದು ಆಸ್ಪತ್ರೆಗೆ ಎಂದು ಆಗಲೇ ಹೇಳಿದೆವು. ಆರೋಗ್ಯವಂತರಾದ ನಾವು ಅದನ್ನು ಬೇಕಾಬಿಟ್ಟಿ ಬಳಸಿ ಕಡಲು ತುಂಬಿಸಿದೆವು. ಈಗ ಅದನ್ನು ನಿಲ್ಲಿಸುವಾಗ ನಿಜವಾಗಿ ಬೇಕಾದವರ ಕೈಯಿಂದಲೂ ಕಿತ್ತುಕೊಂಡರೆ ಅದು ನ್ಯಾಯವಲ್ಲ.

ಭಾರತದ ನಿಷೇಧ

ಕೇಂದ್ರ ಪರಿಸರ ಸಚಿವಾಲಯವು 2021ರ ಆಗಸ್ಟ್ 12ರಂದು ಹೊರಡಿಸಿದ ಅಧಿಸೂಚನೆಯಂತೆ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ತಯಾರಿಕೆ, ಆಮದು, ದಾಸ್ತಾನು, ಹಂಚಿಕೆ, ಮಾರಾಟ, ಬಳಕೆ ಎಲ್ಲವೂ ನಿಷಿದ್ಧ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಕಿವಿಕಡ್ಡಿ, ಬೆಲೂನಿನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ, ಅಲಂಕಾರದ ಥರ್ಮೋಕೋಲ್, ಸ್ಟ್ರಾ ಎಲ್ಲ ಈ ಪಟ್ಟಿಯಲ್ಲಿವೆ. ಕೊಳೆಯಬಲ್ಲ ಪ್ಲಾಸ್ಟಿಕ್‌ಗೆ, ಅದು ನಿಗದಿತ ಗುಣಮಟ್ಟದ್ದಾಗಿ ಪ್ರಮಾಣಪತ್ರ ಪಡೆದಿದ್ದರೆ, ಅವಕಾಶವಿದೆ.

ದೊಡ್ಡ ಗದ್ದಲ ಎದ್ದದ್ದು 10 ರೂಪಾಯಿಯ ಪೊಟ್ಟಣಗಳ ವಿಷಯದಲ್ಲಿ. ಮಾವಿನ ರಸ, ಮಜ್ಜಿಗೆ, ಲಸ್ಸಿಯ ಪೊಟ್ಟಣದ ಬೆನ್ನಿಗೆ ಅಂಟಿಸಿದ ಸಣ್ಣ ಸ್ಟ್ರಾ ಇಲ್ಲದೆ ಆ ವ್ಯಾಪಾರ ನಡೆಯದು. ಈ ಉದ್ಯಮಕ್ಕೆ ವರ್ಷಕ್ಕೆ 600 ಕೋಟಿ ಸ್ಟ್ರಾ ಬೇಕು, ಅಷ್ಟು ಕಾಗದದ ಸ್ಟ್ರಾ ದೇಶದಲ್ಲಿ ತಯಾರಾಗುತ್ತಿಲ್ಲ, ಸಮಯ ಕೊಡಿ ಎಂದು ಕಂಪೆನಿಗಳು ಕೇಳಿಕೊಂಡವು. ಅಮುಲ್ ಸಂಸ್ಥೆಯೂ ನಿಷೇಧವನ್ನು ಮುಂದೂಡುವಂತೆ ಸರ್ಕಾರಕ್ಕೆ ಪತ್ರ ಬರೆಯಿತು. ಸರ್ಕಾರ ಮಣಿಯಲಿಲ್ಲ. ಕಂಪೆನಿಗಳು ಕಾಗದದ ಸ್ಟ್ರಾ ಆಮದು ಮಾಡಿಕೊಂಡವು, ಕೆಲವರು ಜೋಳದ ಪಿಷ್ಟದಂತಹ ವಸ್ತುವಿನಿಂದ ಮಾಡಿದ ಸ್ಟ್ರಾಗಳಿಗೆ ಹೋದರು. ಆಗುವುದಿಲ್ಲ ಎಂದದ್ದು ಆಗಿ ಹೋಯಿತು. ನಿಯಮ ಗಟ್ಟಿಯಾಗಿದ್ದರೆ ದೊಡ್ಡ ಉದ್ಯಮ ದಾರಿ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ವಿರುದ್ಧವಾದ ಉದಾಹರಣೆ ದಕ್ಷಿಣ ಕೊರಿಯಾದ್ದು. ಅಲ್ಲಿ 2022ರ ನವೆಂಬರ್‌ನಲ್ಲಿ ಕಾಫಿ ಅಂಗಡಿ, ಹೋಟೆಲುಗಳಲ್ಲಿ ಪ್ಲಾಸ್ಟಿಕ್ ಸ್ಟ್ರಾಕ್ಕೆ ನಿರ್ಬಂಧ ಹೇರಿ, ದಂಡ ಹಾಕಲು ಒಂದು ವರ್ಷದ ಅವಧಿ ಕೊಟ್ಟರು. ಸರ್ಕಾರದ ಮಾತು ನಂಬಿ ಸಣ್ಣ ಉದ್ಯಮಿಗಳು ಕಾಗದದ ಸ್ಟ್ರಾ ಮಾಡುವ ಯಂತ್ರ ಹಾಕಿದರು. 2023ರ ನವೆಂಬರ್‌ನಲ್ಲಿ ಸರ್ಕಾರ ಆ ಅವಧಿಯನ್ನು ಅನಿರ್ದಿಷ್ಟವಾಗಿ ವಿಸ್ತರಿಸಿತು. ಮಾರಾಟವಾಗದ ಸ್ಟ್ರಾಗಳ ರಾಶಿಯ ನಡುವೆ ಆ ಉದ್ಯಮಿಗಳು ಕೂರಬೇಕಾಯಿತು. ನೀತಿ ಅತ್ತಿತ್ತ ಓಲಾಡಿದರೆ ಪೆಟ್ಟು ಬೀಳುವುದು ಯಾವಾಗಲೂ ಸಣ್ಣವರಿಗೆ.

ನಮ್ಮ ಕರಾವಳಿಯ ಪೇಟೆಗಳಲ್ಲಿ ಚಿತ್ರ ಮಿಶ್ರವಾಗಿದೆ. ಮಾಲ್‌ಗಳ ಫಾಸ್ಟ್‌ಫುಡ್ ಕೌಂಟರುಗಳಲ್ಲಿ ಕಾಗದದ ಸ್ಟ್ರಾ, ಮರದ ಚಮಚ ಬಂದಿವೆ. ರಸ್ತೆ ಬದಿಯ ಸೀಯಾಳದ ಗಾಡಿಯಲ್ಲಿ, ಕಬ್ಬಿನ ಹಾಲಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟ್ರಾ ಇನ್ನೂ ಕಣ್ಣಿಗೆ ಬೀಳುತ್ತದೆ. ಅಧಿಕಾರಿಗಳು ದಾಳಿ ಮಾಡಿದಾಗ ದಂಡ ಕಟ್ಟುವವನು ಆ ಗಾಡಿಯವನೇ. ಅವನಿಗೆ ಆ ಸ್ಟ್ರಾ ಕಟ್ಟನ್ನು ಮಾರಿದ ಸಗಟು ವ್ಯಾಪಾರಿ, ಅದನ್ನು ತಯಾರಿಸಿದ ಕಾರ್ಖಾನೆ ಸಿಕ್ಕಿಬೀಳುವುದು ಅಪರೂಪ. ತಯಾರಿಕೆಯೇ ನಿಷಿದ್ಧವಾದ ವಸ್ತು ಪೇಟೆಯಲ್ಲಿ ಹೇಗೆ ಬಂತು ಎಂಬ ಪ್ರಶ್ನೆಯನ್ನು ಗಾಡಿಯವನಿಗೆ ಕೇಳಿ ಪ್ರಯೋಜನವಿಲ್ಲ.

ಲೆಕ್ಕ ಏನು ಹೇಳುತ್ತದೆ

ಈಗ ಅತಿ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲ ಸ್ಟ್ರಾಗಳೂ ಮಾಯವಾದರೆ ಕಡಲು ಎಷ್ಟು ಶುದ್ಧವಾದೀತು?

ಕಡಲತೀರ ಸ್ವಚ್ಛತೆಯ ವೇಳೆ ಸಂಗ್ರಹವಾದ ಕಸವನ್ನು ಆಧರಿಸಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ ಜಗತ್ತಿನ ಎಲ್ಲ ಕಡಲತೀರಗಳಲ್ಲಿ ಇರುವ ಪ್ಲಾಸ್ಟಿಕ್ ಸ್ಟ್ರಾಗಳ ಸಂಖ್ಯೆ ಹೆಚ್ಚೆಂದರೆ 830 ಕೋಟಿ. ಅವೆಲ್ಲವೂ ಒಮ್ಮೆಲೇ ನೀರಿಗೆ ಸೇರಿದರೂ, ವರ್ಷಕ್ಕೆ ಕಡಲು ಸೇರುತ್ತದೆ ಎನ್ನಲಾಗುವ 80 ಲಕ್ಷ ಟನ್ ಪ್ಲಾಸ್ಟಿಕ್‌ನಲ್ಲಿ ಅದು 10,000ಕ್ಕೆ ಸುಮಾರು 3 ಭಾಗ ಮಾತ್ರ. ಭಾರತದಲ್ಲಿ ವರ್ಷಕ್ಕೆ ಸುಮಾರು 41 ಲಕ್ಷ ಟನ್ ಪ್ಲಾಸ್ಟಿಕ್ ಕಸ ಹುಟ್ಟುತ್ತದೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿ ತಿಳಿಸುತ್ತದೆ. ಅದರಲ್ಲಿ ಸ್ಟ್ರಾಗಳ ತೂಕ ತೀರಾ ಅಲ್ಪ.

ಇನ್ನೊಂದು ಲೆಕ್ಕವೂ ಇದೆ. ಪೆಸಿಫಿಕ್ ಸಾಗರದ ನಡುವೆ ತೇಲುವ ಕುಖ್ಯಾತ ಕಸದ ರಾಶಿಯ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ ಅದರ ತೂಕದ ಶೇಕಡಾ 46ರಷ್ಟು ಮೀನುಗಾರಿಕೆಯ ಬಲೆಗಳು. ಇದನ್ನು ಕರಾವಳಿಯವರಾದ ನಾವು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ಹರಿದ ನೈಲಾನ್ ಬಲೆ ಕಡಲಲ್ಲಿ ಉಳಿದರೆ ಅದು ಯಾರಿಗೂ ಪ್ರಯೋಜನವಿಲ್ಲದೆ ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ. ಮೀನುಗಾರ ಬೇಕೆಂದು ಬಲೆ ಬಿಸಾಡುವುದಿಲ್ಲ, ಅದು ಅವನ ಬಂಡವಾಳ. ಆದರೆ ಹಳೆ ಬಲೆಯನ್ನು ದಡಕ್ಕೆ ತಂದರೆ ತೆಗೆದುಕೊಳ್ಳುವವರು ಯಾರು? ಈ ವ್ಯವಸ್ಥೆ ಆಗಬೇಕಾದದ್ದು ಬಂದರಿನಲ್ಲಿ, ಫಾಸ್ಟ್‌ಫುಡ್ ಕೌಂಟರಿನಲ್ಲಿ ಅಲ್ಲ. ನೆರೆಯ ಕೇರಳದ ಕೊಲ್ಲಂನ ಶಕ್ತಿಕುಳಂಗರ ಬಂದರಿನಲ್ಲಿ 2017ರಲ್ಲಿ ಆರಂಭವಾದ ಯೋಜನೆಯಲ್ಲಿ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕನ್ನು ಮರಳಿ ಎಸೆಯದೆ ದಡಕ್ಕೆ ತಂದರು, ಅದನ್ನು ಪುಡಿ ಮಾಡಿ ರಸ್ತೆ ಡಾಮರಿಗೆ ಬಳಸಿದರು. ನಮ್ಮ ಮಲ್ಪೆ, ಮಂಗಳೂರು, ಗಂಗೊಳ್ಳಿ ಬಂದರುಗಳಲ್ಲಿಯೂ ಇಂತಹ ಕೆಲಸವನ್ನು ಬೇರೂರಿಸಲು ಅವಕಾಶವಿದೆ.

ಹಾಗಾದರೆ ಸ್ಟ್ರಾವನ್ನು ಬಿಟ್ಟುಬಿಡೋಣವೇ? ಅದೂ ತಪ್ಪು ನಿರ್ಣಯವಾದೀತು. ತೂಕದಲ್ಲಿ ಅಲ್ಪವಾದರೂ ಸ್ಟ್ರಾ ಹಿಡಿತಕ್ಕೆ ಸಿಗದ ಕಸ. ಒಂದು ಸ್ಟ್ರಾ ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಒಂದು ಕಿಲೋ ಆಗಬೇಕಾದರೆ 2,000ಕ್ಕೂ ಹೆಚ್ಚು ಸ್ಟ್ರಾ ಹೆಕ್ಕಬೇಕು. ಬಾಟಲಿ ಹೆಕ್ಕುವವರು ಸ್ಟ್ರಾವನ್ನು ಮುಟ್ಟುವುದಿಲ್ಲ, ಗುಜರಿ ಅಂಗಡಿಯವರು ಕೊಳ್ಳುವುದಿಲ್ಲ, ಯಂತ್ರದ ಜರಡಿಯಲ್ಲಿಯೂ ಅದು ಜಾರಿ ಹೋಗುತ್ತದೆ. ಬಾಟಲಿಗೆ ಬೆಲೆಯಿದೆ, ಆದ್ದರಿಂದ ಅದು ಮರಳಿ ಬರುತ್ತದೆ. ಬೆಲೆಯಿಲ್ಲದ ಸ್ಟ್ರಾ ಮಳೆನೀರಿನೊಂದಿಗೆ ಚರಂಡಿಗೆ, ಅಲ್ಲಿಂದ ನೇತ್ರಾವತಿಗೆ, ಫಲ್ಗುಣಿಗೆ, ಕೊನೆಗೆ ಅಳಿವೆ ಬಾಗಿಲಿಗೆ. ಹೀಗೆ ಮರಳಿ ಬಾರದ ಕಸವನ್ನು ಹುಟ್ಟುವಲ್ಲಿಯೇ ತಡೆಯಬೇಕು ಎಂಬ ತರ್ಕ ಸರಿಯಾದದ್ದೇ. ತಿಂಡಿ ಪೊಟ್ಟಣ, ಗುಟ್ಕಾ ಚೀಟಿ, ಶಾಂಪೂ ಸ್ಯಾಶೆಗಳಿಗೂ ಇದೇ ತರ್ಕ ಅನ್ವಯವಾಗಬೇಕಿತ್ತು. ನಮ್ಮ ಕಡಲತೀರಗಳಲ್ಲಿ ಸ್ಟ್ರಾಗಿಂತ ಎಷ್ಟೋ ಹೆಚ್ಚು ಕಾಣಸಿಗುವ ಈ ಹಲವು ಪದರಗಳ ಹಾಳೆಗಳನ್ನೂ ಗುಜರಿಯವರು ಮುಟ್ಟುವುದಿಲ್ಲ. ಅವು 2022ರ ನಿಷೇಧದ ಪಟ್ಟಿಗೆ ಬರಲಿಲ್ಲ. ಕಾಗದದ ಕಪ್ಪುಗಳ ಒಳಮೈಗೆ ಸವರಿದ ಪ್ಲಾಸ್ಟಿಕ್ ಪದರದ ಬಗ್ಗೆಯೂ ಹೆಚ್ಚಿನವರು ಯೋಚಿಸುವುದಿಲ್ಲ. ಕಾಗದದ ಸ್ಟ್ರಾ ಹಾಕಿದ ಆ ಕಪ್ಪನ್ನು ಕೈಯಲ್ಲಿ ಹಿಡಿದು ನಾವು ಪರಿಸರಸ್ನೇಹಿಗಳೆಂದು ತೃಪ್ತಿ ಪಡುತ್ತೇವೆ.

ಕಸವನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂದು ಮಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜರಿದು ಮಂದಾರದ ಮನೆಗಳನ್ನು, ಅಡಿಕೆ, ತೆಂಗಿನ ತೋಟಗಳನ್ನು ಮುಚ್ಚಿತು. ಹಲವು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ನಗರದ ನಾವೆಲ್ಲರೂ ಎಸೆದದ್ದನ್ನು ಅವರು ಹೊತ್ತರು. ಅಲ್ಲಿ ಜರಿದ ರಾಶಿಯಲ್ಲಿ ಕಾಗದ, ಪ್ಲಾಸ್ಟಿಕ್ ಎಂಬ ಭೇದ ಇರಲಿಲ್ಲ.

ಬದಲಿ ವಸ್ತುವೇ, ಬದಲಾದ ಅಭ್ಯಾಸವೇ?

ದಿವಂಗತ ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲಾವ್ದಾತೊ ಸಿ' ವಿಶ್ವಪತ್ರದ 211ನೇ ಪರಿಚ್ಛೇದದಲ್ಲಿ ದಿನನಿತ್ಯದ ಸಣ್ಣ ಕ್ರಿಯೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಅವರು ಪ್ಲಾಸ್ಟಿಕ್‌ನ ಜೊತೆಯಲ್ಲಿಯೇ ಕಾಗದದ ಬಳಕೆಯನ್ನೂ ತಪ್ಪಿಸಬೇಕೆಂದು ಸೂಚಿಸಿದ್ದಾರೆ. ಪ್ಲಾಸ್ಟಿಕ್‌ನ ಬದಲು ಕಾಗದ ಹಂಚಿರಿ ಎಂದು ಅವರು ಹೇಳಿಲ್ಲ. ಈ ಎರಡರ ನಡುವಣ ವ್ಯತ್ಯಾಸ ಸಣ್ಣದೇನಲ್ಲ. ಕಂಪೆನಿಗಳಿಗೆ ಬದಲಿ ವಸ್ತು ಇಷ್ಟ, ಏಕೆಂದರೆ ವ್ಯಾಪಾರದ ರೀತಿ ಬದಲಾಗಬೇಕಿಲ್ಲ. ಬಳಕೆಯನ್ನೇ ಕಡಿಮೆ ಮಾಡುವುದು ಯಾರಿಗೂ ಲಾಭ ತರುವುದಿಲ್ಲ, ಆದ್ದರಿಂದ ಅದಕ್ಕೆ ಜಾಹೀರಾತೂ ಇಲ್ಲ.

ಬದಲಿ ವಸ್ತು ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಬೋಧಿಸುವ ಪ್ರಾಧ್ಯಾಪಕ ಸಜಿ ವರ್ಗೀಸ್ ಅವರು, ಒಣಗಿ ಬಿದ್ದ ತೆಂಗಿನ ಗರಿಯ ಎಲೆ ತಾನಾಗಿಯೇ ಕೊಳವೆಯಂತೆ ಸುರುಳಿ ಸುತ್ತಿಕೊಂಡದ್ದನ್ನು ಕಂಡು ಅದರಿಂದ ಸ್ಟ್ರಾ ಮಾಡುವ ವಿಧಾನ ರೂಪಿಸಿದರು. ಎಲೆಯ ಸಹಜ ಮೇಣವೇ ನೀರನ್ನು ತಡೆಯುತ್ತದೆ, ಬೇರೆ ರಾಸಾಯನಿಕ ಬೇಕಿಲ್ಲ. ಗ್ರಾಮೀಣ ಮಹಿಳೆಯರಿಗೆ ಅದರಿಂದ ಕೆಲಸವೂ ಸಿಕ್ಕಿತು. ಬಿದ್ದ ಗರಿಯನ್ನು ಒಲೆಗೆ ಹಾಕುವ, ಇಲ್ಲವೇ ತೋಟದಲ್ಲಿಯೇ ಸುಡುವ ನಮ್ಮ ಕರಾವಳಿಗೆ ಇದಕ್ಕಿಂತ ಹತ್ತಿರದ ವಿದ್ಯೆ ಯಾವುದಿದೆ? ಆದರೆ ಕೈಯಿಂದ ಮಾಡಿದ ಇಂತಹ ಸ್ಟ್ರಾ ಪ್ಲಾಸ್ಟಿಕ್‌ನಷ್ಟು ಅಗ್ಗವಾಗುವುದು ಕಷ್ಟ. ಕೌಂಟರಿನಲ್ಲಿ ಎಲ್ಲರಿಗೂ ಪುಕ್ಕಟೆ ಹಂಚುವುದನ್ನು ಬಿಟ್ಟು, ಕೇಳಿದವರಿಗೆ ಮಾತ್ರ ಕೊಟ್ಟರೆ ಆಗ ಅದರ ಬೆಲೆ ಹೊರೆಯಾಗದು. ಅಂದರೆ ಒಳ್ಳೆಯ ಬದಲಿ ವಸ್ತು ಉಳಿಯಬೇಕಾದರೂ ಮೊದಲು ಬಳಕೆ ಕಡಿಮೆಯಾಗಬೇಕು.

2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಪ್ಲಾಸ್ಟಿಕ್ ಮಾಲಿನ್ಯ ಒಪ್ಪಂದದ ಮಾತುಕತೆ ಒಮ್ಮತವಿಲ್ಲದೆ ಮುಗಿಯಿತು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೆಂದು ಹಲವು ದೇಶಗಳು, ಕಸ ನಿರ್ವಹಣೆ ಮಾಡಿದರೆ ಸಾಕೆಂದು ತೈಲ ಉತ್ಪಾದಿಸುವ ದೇಶಗಳು ಪಟ್ಟು ಹಿಡಿದವು. ದೊಡ್ಡವರ ಮೇಜಿನಲ್ಲಿ ನಿರ್ಣಯ ಆಗುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡಲು ಯಾರ ಅಡ್ಡಿಯೂ ಇಲ್ಲ.

ಧರ್ಮಕೇಂದ್ರಗಳ ಹಬ್ಬದ ದಿನ, ಯುವಜನರ ಆಹಾರ ಮೇಳದ ದಿನ, ಶಾಲಾ ವಾರ್ಷಿಕೋತ್ಸವದ ದಿನ ತಂಪು ಪಾನೀಯದ ಸ್ಟಾಲು ಹಾಕುವವರು ನಾವೇ. ಈ ಬಾರಿ ಮೊದಲೇ ಕುಳಿತು ನಾಲ್ಕು ವಿಷಯ ತೀರ್ಮಾನಿಸಬಹುದು. ತೊಳೆದು ಬಳಸುವ ಸ್ಟೀಲಿನ ಲೋಟಗಳನ್ನು ಚರ್ಚಿನಲ್ಲಿಯೇ ಇಟ್ಟುಕೊಂಡು ವಾಳೆಯವರು ಸರದಿಯಲ್ಲಿ ತೊಳೆಯುವುದು. ಸ್ಟ್ರಾವನ್ನು ಯಾರಿಗೂ ತಾನಾಗಿ ಕೊಡದಿರುವುದು. ರೋಗಿಗಳಿಗೆ, ವೃದ್ಧರಿಗೆ, ಅಂಗವಿಕಲರಿಗೆ ಬೇಕಾದ ಸ್ಟ್ರಾವನ್ನು ಕಾರಣ ಕೇಳದೆ, ಮುಖ ಸಿಂಡರಿಸದೆ ಕೊಡುವುದು. ಬಂದರಿನ ಸಮೀಪದ ಧರ್ಮಕೇಂದ್ರಗಳು ಹಳೆ ಬಲೆ, ಹಗ್ಗ, ಥರ್ಮೋಕೋಲ್ ಪೆಟ್ಟಿಗೆಗಳ ಸಂಗ್ರಹದ ಬಗ್ಗೆ ಮೀನುಗಾರರ ಸಂಘಗಳೊಂದಿಗೆ, ಪಂಚಾಯತಿನೊಂದಿಗೆ ಮಾತುಕತೆ ಆರಂಭಿಸುವುದು.

ನಾಲ್ಕರಲ್ಲಿ ಕೊನೆಯದು ಕಷ್ಟದ್ದು, ಫೋಟೋದಲ್ಲಿ ಚೆನ್ನಾಗಿ ಕಾಣುವಂತಹದ್ದೂ ಅಲ್ಲ. ಆದರೆ ಲೆಕ್ಕ ನೋಡಿದರೆ ಕಡಲಿಗೆ ಹೆಚ್ಚು ಉಪಕಾರವಾಗುವುದು ಅದರಿಂದಲೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಹೂ ತಂದು, ಕಬ್ಬು ಪಡೆದು ಹೋಗುತ್ತಾರೆ. ಕಬ್ಬನ್ನು ಸಿಗಿದು ತಿನ್ನಲು ಅವರಿಗೆ ಸ್ಟ್ರಾ ಬೇಕಾಗುವುದಿಲ್ಲ. ಆ ದಿನ ಅವರ ಕೈಗೆ ಪಾಯಸದ ಕಪ್ಪು ಕೊಡುವಾಗಲಾದರೂ, ಅದು ಯಾವುದರಿಂದ ಮಾಡಿದ್ದು, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಪಾಲನಾ ಮಂಡಳಿಯವರು ಒಮ್ಮೆ ಕೇಳಿಕೊಳ್ಳಲಿ.